ಅಮೇರಿಕೆಯಿಂದ ಹುಬ್ಬಳ್ಳಿಗೆ

ಪರದೇಶಕ್ಕೆ ತೆರಳಿದವರ ಪ್ರವಾಸವನ್ನು ವರ್ಣಿಸುವ ಗ್ರಂಥಗಳು ಕನ್ನಡದಲ್ಲಿ ಉಂಟು. ಅಲ್ಲಿಂದ ಮರಳಿದವರು ಸ್ವದೇಶದ ಒಂದು ಪಟ್ಟಣದಲ್ಲಿ ಹೇಗೆ ನೆಲೆಗೊಂಡರೆಂಬುದನ್ನು ವಿಚಾರಿಸುವ ಬರಹಗಳು ವಿರಳ. ಹೋಗುವುದು ಸಾಹಸ, ಬರುವುದು ಸಹಜವೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಆದರೆ ವಸ್ತುಸ್ಥಿತಿಯು ಹಾಗಿಲ್ಲ. ಹಲವು ವರ್ಷ ಅನ್ಯರ ನಡುವೆ ಬಾಳಿ ಬಂದವನಿಗೆ ಹುಟ್ಟಿದ ನಾಡು ಸಹ ಕೆಲಕಾಲ ಹೊಸತಾಗಿಯೇ ತೋರುತ್ತದೆ. ತಾನು ಕಲಿತು ತಂದ ವಿದ್ಯೆಗೆ ಇಲ್ಲಿ ಸ್ಥಳವುಂಟೇ, ಸ್ಥಳವಿಲ್ಲದಿದ್ದರೆ ಆ ವಿದ್ಯೆಯನ್ನು ಬಿಡಬೇಕೇ, ಇಲ್ಲವೆ ಊರನ್ನೇ ಬಿಡಬೇಕೇ ಎಂಬ ಪ್ರಶ್ನೆಯು ಅವನೆದುರು ನಿಲ್ಲುತ್ತದೆ. ಡಾಕ್ಟರ ನಾರಾಯಣ ಸುಬ್ಬರಾವ ಹರ್ಡೀಕರರು 1921ರಲ್ಲಿ ಅಮೇರಿಕೆಯಿಂದ ಮರಳಿ ಹುಬ್ಬಳ್ಳಿಯಲ್ಲಿ ನೆಲೆಸಿದ ವೃತ್ತಾಂತವು ಈ ಪ್ರಶ್ನೆಯನ್ನು ಚೆನ್ನಾಗಿ ಬಿಡಿಸಿ ತೋರಿಸುವಂತಹದು.

ಆ ಕಾಲದಲ್ಲಿ ಸಮುದ್ರ ದಾಟಿ ವಿದ್ಯೆ ಕಲಿತು ಬಂದವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿದ್ದವು. ಸರಕಾರದ ದೊಡ್ಡ ಚಾಕರಿ ಒಂದು. ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ವಕೀಲಿಯನ್ನಾಗಲಿ ವೈದ್ಯಕಿಯನ್ನಾಗಲಿ ನಡಿಸಿ ಸಂಪತ್ತುಗೂಡಿಸುವುದು ಇನ್ನೊಂದು. ಸಮುದ್ರಯಾನಕ್ಕೆ ಪ್ರಾಯಶ್ಚಿತ್ತವನ್ನು ಕೇಳುವ ಬಂಧುಬಳಗವು ಎಷ್ಟೋ ಮನೆತನಗಳಲ್ಲಿ ಇನ್ನೂ ಇದ್ದ ದಿನಗಳವು. ಆದುದರಿಂದ ಪರದೇಶದಿಂದ ಬಂದವರು ದೊಡ್ಡ ನಗರದ ಅಪರಿಚಿತ ಜನಸಂದಣಿಯನ್ನು ಆಶ್ರಯಿಸುವುದು ಆಶ್ಚರ್ಯದ ಮಾತಾಗಿರಲಿಲ್ಲ. ಹರ್ಡೀಕರರು ಹಿಡಿದ ದಾರಿಯು ಇವೆರಡೂ ಅಲ್ಲ.

ಅವರು 1889ರ ಮೇ 7ರಂದು ಜನಿಸಿದರು. ಕಲಕತ್ತೆಯಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1913ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಅಮೇರಿಕೆಗೆ ತೆರಳಿದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಕಲಿತು 1916ರಲ್ಲಿ ಪದವಿಯನ್ನು ಪಡೆದರು. ಒಬ್ಬ ರೋಗಿಯ ನಾಡಿಯನ್ನು ಹಿಡಿದು ಮದ್ದು ಕೊಡುವುದು ವೈದ್ಯನ ಕೆಲಸ; ಇಡೀ ಊರಿನ ನೀರು, ಗಾಳಿ, ಚರಂಡಿ, ವಸತಿಗಳನ್ನು ಪರೀಕ್ಷಿಸಿ ರೋಗವು ಬಾರದಂತೆ ತಡೆಯುವುದು ಈ ಹೊಸ ಶಾಸ್ತ್ರದ ಕೆಲಸ. ಅದು ಒಬ್ಬನಿಂದ ಆಗತಕ್ಕದ್ದಲ್ಲ. ನೂರಾರು ಜನರು ಒಂದು ಕ್ರಮಕ್ಕೆ ಒಳಪಟ್ಟು ನಡೆದರೆ ಮಾತ್ರ ಅದು ಫಲಿಸುತ್ತದೆ. ಹರ್ಡೀಕರರ ಮುಂದಿನ ಬಾಳಿಗೂ ಈ ತತ್ತ್ವಕ್ಕೂ ಇರುವ ಸಂಬಂಧವನ್ನು ಗಮನಿಸಬೇಕು.

ಅಮೇರಿಕೆಯಲ್ಲಿ ಅವರಿಗೆ ದೊರೆತ ಎರಡನೆಯ ವಿದ್ಯೆಯು ಯಾವ ವಿದ್ಯಾಲಯದಲ್ಲಿಯೂ ಕಲಿಸತಕ್ಕದ್ದಾಗಿರಲಿಲ್ಲ. 1914ರ ಕೊನೆಯಲ್ಲಿ ಲಾಲಾ ಲಜಪತರಾಯರು ಆ ದೇಶಕ್ಕೆ ಬಂದರು. ಮಹಾಯುದ್ಧದ ಕಾರಣದಿಂದ ಅವರು ಸ್ವದೇಶಕ್ಕೆ ಮರಳಲಾರದೆ, ಜಪಾನಿನಲ್ಲಿ ಕಳೆದ ಕೆಲವು ತಿಂಗಳುಗಳನ್ನು ಬಿಟ್ಟರೆ, 1919ರ ಕೊನೆಯ ವರೆಗೆ ಅಲ್ಲಿಯೇ ಉಳಿಯಬೇಕಾಯಿತು. 1917ರಲ್ಲಿ ನ್ಯೂಯಾರ್ಕಿನಲ್ಲಿ ಲಾಲಾಜಿಯವರು ಹೋಮ್‌ರೂಲ್ ಲೀಗನ್ನು ಸ್ಥಾಪಿಸಿದಾಗ ಅದರ ಕಾರ್ಯದರ್ಶಿತ್ವವು ಹರ್ಡೀಕರರ ಪಾಲಿಗೆ ಬಂದಿತು. ಮರುವರ್ಷ ಆ ಲೀಗು ‘ಯಂಗ್ ಇಂಡಿಯಾ’ ಎಂಬ ಮಾಸಪತ್ರವನ್ನು ಹೊರಡಿಸತೊಡಗಿತು. ಹರ್ಡೀಕರರು ಅಮೇರಿಕೆಯಲ್ಲಿದ್ದ ಭಾರತೀಯರ ಸಂಘಗಳಲ್ಲಿಯೂ ದುಡಿದರು. ಸದಸ್ಯರನ್ನು ಕೂಡಿಸುವುದು, ವರ್ಗಣಿಯನ್ನು ಎತ್ತುವುದು, ಪತ್ರವ್ಯವಹಾರ, ಸಭೆಗಳ ಏರ್ಪಾಡು — ಹೆಸರು ತಾರದ ಆದರೆ ಬಿಟ್ಟರೆ ಯಾವ ಸಂಸ್ಥೆಯೂ ಬಾಳದ ಕೆಲಸಗಳವು. ಲಾಲಾಜಿಯವರ ಅಮೇರಿಕೆಯ ದಿನಗಳನ್ನು ಕುರಿತು ಹರ್ಡೀಕರರು ಮುಂದೆ ಒಂದು ಪುಸ್ತಕವನ್ನೂ ಬರೆದರು.

ಹೀಗೆ ಎರಡು ವಿದ್ಯೆಗಳನ್ನು ಹೊತ್ತು ಅವರು 1921ರಲ್ಲಿ ಮರಳಿದರು. ಎಂಟು ವರ್ಷಗಳಲ್ಲಿ ನಾಡು ಬಹಳ ಬದಲಾಗಿತ್ತು. ಅವರು ಹೊರಟಾಗ ರಾಷ್ಟ್ರದ ಮುಂದಾಳುಗಳಾಗಿದ್ದ ಲೋಕಮಾನ್ಯ ತಿಲಕರು 1920ರ ಆಗಸ್ಟ್ 1ರಂದು ಕಾಲವಾಗಿದ್ದರು. ಮಹಾತ್ಮಾ ಗಾಂಧಿಯವರ ಅಸಹಕಾರ ಚಳವಳಿಯು ದೇಶವನ್ನೆಲ್ಲ ವ್ಯಾಪಿಸಿತ್ತು. ಅದೇ 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆಯ ಅಂಗಡಿಯೆದುರಿನ ಪಿಕೆಟಿಂಗಿನ ಸಂದರ್ಭದಲ್ಲಿ ಪೋಲೀಸರು ಗುಂಡು ಹಾರಿಸಿ ಮೂವರು ಪ್ರಾಣ ಕಳೆದುಕೊಂಡರು. ಜನರಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆ ಉತ್ಸಾಹವನ್ನು ಹದದಲ್ಲಿ ಹಿಡಿದು ನಡಿಸುವ ಶಿಸ್ತು ಮಾತ್ರ ಸಾಲದಾಗಿತ್ತು.

ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಯು ಇಂತಹ ಕಾರ್ಯಕ್ಕೆ ಕ್ಷೇತ್ರವಾದುದು ಏಕೆಂಬುದಕ್ಕೆ ಎರಡು ಊರುಗಳ ಸ್ವರೂಪವನ್ನು ನೋಡಿದರೆ ಸಾಕು. ಇವೆರಡರ ನಡುವಿನ ಅಂತರವು ಇಪ್ಪತ್ತು ಕಿಲೋಮೀಟರಿನಷ್ಟು. 1962ರಲ್ಲಿ ಇವು ಒಂದೇ ಮಹಾನಗರಪಾಲಿಕೆಗೆ ಒಳಪಟ್ಟವು. ಆದರೆ ಆ ಕಾಲದಲ್ಲಿ ಇವುಗಳ ಪ್ರಕೃತಿಯೇ ಬೇರೆ. ಧಾರವಾಡವು ಜಿಲ್ಲೆಯ ಕಚೇರಿಗಳ ಊರು, ವಿದ್ಯೆಯ ಊರು. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘವೂ 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜೂ ಅಲ್ಲಿದ್ದವು. ಹುಬ್ಬಳ್ಳಿಯಾದರೋ ಅರಳೆಯ ವ್ಯಾಪಾರದ ಊರು, ರೈಲ್ವೆ ಕಾರಖಾನೆಯ ಊರು. ಪುಣೆಯ ಕಡೆಗೂ, ಗದಗಿನ ಮೇಲಿಂದ ಗುಂತಕಲ್ಲಿಗೂ, ಹರಿಹರದ ಮೇಲಿಂದ ಬೆಂಗಳೂರಿಗೂ ಹೋಗುವ ಉಗಿಬಂಡಿಯ ದಾರಿಗಳು ಅಲ್ಲಿ ಕೂಡುತ್ತಿದ್ದವು. ಬೇರೆ ಬೇರೆ ಭಾಷೆಯ, ಮತದ, ಕಸುಬಿನ ಜನರು ಹೊರಗಿನಿಂದ ಬಂದು ತುಂಬಿದ ಪಟ್ಟಣವದು. ಹೊಸಬನಿಗೆ ಹೊಸಬನೆನ್ನಿಸದ ಊರೆಂದರೆ ತಪ್ಪಾಗದು.

ಸಾರ್ವಜನಿಕ ಆರೋಗ್ಯವೆಂಬ ಮಾತೂ ಹುಬ್ಬಳ್ಳಿಗೆ ಅಪೂರ್ವವಾಗಿರಲಿಲ್ಲ. 1898ರಲ್ಲಿ ಪ್ಲೇಗಿನ ಮಾರಿಯು ಊರನ್ನು ಹೊಕ್ಕಾಗ, ಹಾಫ್ಕಿನ್ ಪಂಡಿತರು ಕಂಡುಹಿಡಿದ ಲಸಿಕೆಯನ್ನು ಡಾಕ್ಟರ ಲ್ಯೂಮನ್ನರು ಇಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರಿಗೆ ಹಾಕಿಸಿದ್ದರು. ಅಂದಿನ ಜನಸಂಖ್ಯೆಯು ಐವತ್ತು ಸಾವಿರದ ಒಳಗೆಯೇ ಇದ್ದಿತೆಂಬುದನ್ನು ನೆನೆದರೆ ಆ ಪ್ರಯತ್ನದ ಅಳವು ಗೊತ್ತಾಗುತ್ತದೆ. ಲಸಿಕೆಯ ಇತಿಹಾಸದಲ್ಲಿ ಹುಬ್ಬಳ್ಳಿಯ ಹೆಸರು ಆಗಲೇ ಸೇರಿಹೋಗಿತ್ತು. ಇಂತಹ ಊರಿಗೆ ಆರೋಗ್ಯಶಾಸ್ತ್ರದ ಪದವೀಧರನೊಬ್ಬನು ಬಂದರೆ ಅವನಿಂದ ಚರಂಡಿ ನೀರುಗಳ ಸುಧಾರಣೆಯನ್ನೇ ಯಾರಾದರೂ ಎದುರುನೋಡಿಯಾರು.

ಆದರೆ ಹರ್ಡೀಕರರ ಮುಖ್ಯ ವ್ಯವಸಾಯವು ವೈದ್ಯಕಿಯಾಗಲಿಲ್ಲ. ಅವರು ತರುಣರನ್ನು ಕೂಡಿಸಿ ಹುಬ್ಬಳ್ಳಿಯಲ್ಲಿ ಸೇವಾಮಂಡಲವನ್ನು ಕಟ್ಟಿದರು. ಹೆಣ್ಣುಮಕ್ಕಳ ರಾಷ್ಟ್ರೀಯ ಶಿಕ್ಷಣಕ್ಕಾಗಿ ತಿಲಕ ಕನ್ಯಾಶಾಲೆಯನ್ನು ಸ್ಥಾಪಿಸಿದರು. 1923ರ ಮೇ ತಿಂಗಳಲ್ಲಿ ನಾಗಪುರದಲ್ಲಿ ಝೆಂಡಾ ಸತ್ಯಾಗ್ರಹವು ತೊಡಗಿ, ರಾಷ್ಟ್ರಧ್ವಜವನ್ನು ಹಿಡಿದು ನಡೆದವರೆಲ್ಲ ಸೆರೆಮನೆಯನ್ನು ಸೇರತೊಡಗಿದಾಗ, ಹುಬ್ಬಳ್ಳಿಯ ಮಂಡಲದವರೂ ಅಲ್ಲಿಗೆ ಹೋದರು. ಸೆರೆಮನೆಯ ಕಷ್ಟವನ್ನು ತಾಳಲಾರದೆ ಅನೇಕ ಸತ್ಯಾಗ್ರಹಿಗಳು ಕ್ಷಮೆ ಬೇಡಿ ಬರೆದುಕೊಟ್ಟರು, ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಈ ಸಂಗತಿಯಿಂದ ದೇಶದ ದೃಷ್ಟಿಯು ಈ ಸಣ್ಣ ಮಂಡಲದ ಕಡೆಗೆ ತಿರುಗಿತು. ಅದೇ ವರ್ಷದ ಡಿಸೆಂಬರದಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಸಮಯಕ್ಕೆ ಅಖಿಲ ಭಾರತದ ಹಿಂದುಸ್ತಾನೀ ಸೇವಾದಳವು ಜನ್ಮತಾಳಿತು. ಪಂಡಿತ ಜವಾಹರಲಾಲ ನೆಹರೂರವರು ಅದರ ಮೊದಲನೆಯ ಅಧ್ಯಕ್ಷರಾದರು, ಕೇಂದ್ರಸ್ಥಾನವು ಹುಬ್ಬಳ್ಳಿಯಾಯಿತು. ಎರಡು ವರ್ಷಗಳ ಹಿಂದೆ ಹೊಸಬರಾಗಿ ಬಂದವರ ಮೂಲಕ ಆ ಊರು ಒಂದು ಅಖಿಲ ಭಾರತೀಯ ಸಂಸ್ಥೆಯ ವಿಳಾಸವಾಯಿತು. ಅಲ್ಲಿಂದ ‘ದಿ ವಾಲಂಟಿಯರ್’ ಎಂಬ ಇಂಗ್ಲಿಷ್ ಪತ್ರವೂ ಹೊರಟಿತು.

ಈ ಕಾರ್ಯವು ಎಲ್ಲರಿಗೂ ಒಪ್ಪಿಗೆಯಾಗಿತ್ತೆಂದು ತಿಳಿಯಬಾರದು. ಸಮವಸ್ತ್ರ, ಕವಾಯತು, ಆಜ್ಞಾಪಾಲನೆಗಳು ಸೈನ್ಯದ ಲಕ್ಷಣಗಳು. ಅಹಿಂಸೆಯನ್ನು ವ್ರತವಾಗಿ ಹಿಡಿದ ಸಂಸ್ಥೆಯೊಳಗೆ ಇವುಗಳಿಗೆ ಎಡೆಗೊಟ್ಟರೆ ಹಿಂಸೆಯು ಹಿಂಬಾಗಿಲಿನಿಂದ ಬಾರದೆ ಇದ್ದೀತೇ ಎಂದು ಕಾಂಗ್ರೆಸ್ಸಿನ ಹಿರಿಯರಲ್ಲಿಯೇ ಹಲವರು ಶಂಕಿಸಿದರು. ಈ ವಿರೋಧವನ್ನು ಕಂಡು ತಮಗೆ ಆಶ್ಚರ್ಯವಾಯಿತೆಂದು ನೆಹರೂರವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಶಂಕೆಯು ನಿರಾಧಾರವಾದುದಲ್ಲ, ಶಿಸ್ತಿನ ಹೆಸರಿನಲ್ಲಿ ಮನುಷ್ಯನ ವಿವೇಕವನ್ನು ಕಸಿದುಕೊಂಡ ದಳಗಳನ್ನು ಯೂರೋಪಿನ ಇತಿಹಾಸವು ಮುಂದೆ ಕಂಡಿತು. ಆದರೆ ಶಿಸ್ತಿಲ್ಲದ ಜನಸಮೂಹವು ಅಹಿಂಸೆಯನ್ನು ಪಾಲಿಸಲಾರದೆಂಬುದೂ ಅಷ್ಟೇ ನಿಜ. 1922ರ ಫೆಬ್ರುವರಿಯಲ್ಲಿ ಚೌರಿಚೌರಾದಲ್ಲಿ ಆದ ಅನರ್ಥದಿಂದ ಗಾಂಧಿಯವರು ಚಳವಳಿಯನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ಏಟು ಬಿದ್ದರೂ ಕೈಯೆತ್ತದೆ ನಿಲ್ಲುವುದಕ್ಕೆ ಹೊಡೆಯುವುದಕ್ಕಿಂತ ಹೆಚ್ಚಿನ ಅಭ್ಯಾಸ ಬೇಕು. ಹುಬ್ಬಳ್ಳಿಯ ದಳವು ಕಲಿಸಲೆಳಸಿದುದು ಈ ಅಭ್ಯಾಸವನ್ನು.

1924ರ ಡಿಸೆಂಬರದಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ ಇದರ ಫಲವನ್ನು ಜನರು ಕಣ್ಣಾರೆ ಕಂಡರು. ಅಲ್ಲಿ ಮಹಿಳಾ ಸ್ವಯಂಸೇವಕರನ್ನು ಮುನ್ನಡಿಸಿದವರು ಉಮಾಬಾಯಿ ಕುಂದಾಪುರರು. ಅವರ ಕಥೆಯೂ ಹೊಸ ಊರಿನಲ್ಲಿ ನೆಲೆಗೊಂಡ ಕಥೆಯೇ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ, ಪತಿಯನ್ನು ಕಳೆದುಕೊಂಡ ಬಳಿಕ ಅವರು ಮಾವ ಆನಂದರಾಯರೊಡನೆ ಹುಬ್ಬಳ್ಳಿಗೆ ಬಂದರು. ಮಾವನವರು ಅಲ್ಲಿ ಕರ್ನಾಟಕ ಮುದ್ರಣಾಲಯವನ್ನು ತೆರೆದರು. ವಿಧವೆಯರ ಪಾಲಿಗೆ ಮನೆಯ ಮೂಲೆಯೇ ಲೋಕವಾಗಿದ್ದ ದಿನಗಳಲ್ಲಿ ಹರ್ಡೀಕರರು ಅವರಿಗೆ ತಿಲಕ ಕನ್ಯಾಶಾಲೆಯ ಹೊಣೆಯನ್ನೂ ಸೇವಾದಳದ ಮಹಿಳಾ ವಿಭಾಗದ ನೇತೃತ್ವವನ್ನೂ ಒಪ್ಪಿಸಿದರು. ತಾನೇ ಇನ್ನೂ ಬೇರೂರುತ್ತಲಿದ್ದವನು ಮತ್ತೊಬ್ಬರಿಗೆ ನೆಲೆಯನ್ನು ಕಲ್ಪಿಸುವುದು ಸಣ್ಣ ಮಾತಲ್ಲ. ಸ್ತ್ರೀಯರೂ ಪುರುಷರೂ ಕೂಡಿ ಸಾರ್ವಜನಿಕ ಕಾರ್ಯ ಮಾಡುವುದನ್ನು ಅಮೇರಿಕೆಯಲ್ಲಿ ಕಂಡು ಬಂದವರಿಗೆ ಇದು ಸಹಜವಾಗಿ ತೋರಿರಬಹುದು. ಅದನ್ನು ಹುಬ್ಬಳ್ಳಿಯ ಮನೆಮನೆಗೂ ಸಹಜವಾಗಿಸಿದ ಕೀರ್ತಿಯು ಉಮಾಬಾಯಿಯವರದು.

ಸೇವಾದಳದ ಕಾರ್ಯಕ್ರಮಗಳಲ್ಲಿ ಪ್ರತಿತಿಂಗಳ ಕೊನೆಯ ಆದಿತ್ಯವಾರದ ಧ್ವಜವಂದನೆಯೂ ಒಂದು. ನಾಗಪುರದಲ್ಲಿ ಯಾವ ಧ್ವಜಕ್ಕಾಗಿ ಸೆರೆಮನೆ ಕಂಡರೋ ಅದನ್ನು ಊರೂರಲ್ಲಿ ಏರಿಸುವ ನಿಯಮವಿದು. ರಾಷ್ಟ್ರಧ್ವಜದ ಖಾದಿಯನ್ನು ನೇಯುವ ಗರಗವು ಧಾರವಾಡದ ನೆರೆಯಲ್ಲಿಯೂ, ಧ್ವಜವನ್ನು ಸಿದ್ಧಗೊಳಿಸುವ ಬೆಂಗೇರಿಯ ಖಾದಿ ಸಂಘವು ಹುಬ್ಬಳ್ಳಿಯಲ್ಲಿಯೂ ಮುಂದೆ ಬೆಳೆದುಬಂದವು. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ವಾದಿಸಬೇಕಾಗಿಲ್ಲ; ಧ್ವಜದೊಡನೆ ಈ ನೆಲಕ್ಕಿರುವ ನಂಟು ಹಳೆಯದೆಂದಷ್ಟೇ ಹೇಳಬಹುದು.

ಕಟ್ಟಿದುದೆಲ್ಲವೂ ಉಳಿಯಲಿಲ್ಲ. 1931ರಲ್ಲಿ ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿಯು ಸೇವಾದಳವನ್ನು ತನ್ನ ಕೇಂದ್ರ ಸ್ವಯಂಸೇವಕ ಸಂಸ್ಥೆಯೆಂದು ಅಂಗೀಕರಿಸಿತು; ಮರುವರ್ಷವೇ ಸರಕಾರವು ಅದನ್ನು ಬಹಿಷ್ಕರಿಸಿತು. ಉಮಾಬಾಯಿಯವರು 1932ರಲ್ಲಿ ಯರವಡೆಯ ಸೆರೆಮನೆಗೆ ಹೋದರು. ಅವರು ಅಲ್ಲಿದ್ದಾಗಲೇ ಮಾವನವರು ತೀರಿಕೊಂಡರು. ಮುದ್ರಣಾಲಯವನ್ನು ಸರಕಾರವು ಜಪ್ತು ಮಾಡಿತು, ಶಾಲೆಗೆ ಬೀಗಮುದ್ರೆ ಬಿದ್ದಿತು. ಹತ್ತು ವರ್ಷಗಳ ದುಡಿಮೆಯ ಮೇಲೆ ಕೆಲವೇ ದಿನಗಳಲ್ಲಿ ಬಾಗಿಲು ಮುಚ್ಚಿತು. ಸಂಸ್ಥೆಗಳ ಮೂಲಕ ಊರಿನಲ್ಲಿ ನೆಲೆಗೊಂಡವರಿಗೆ ಸಂಸ್ಥೆಗಳು ಹೋದ ಮೇಲೆ ಏನು ಉಳಿಯುತ್ತದೆಂಬ ಪರೀಕ್ಷೆಯ ಕಾಲವದು. ಉಮಾಬಾಯಿಯವರು ಬಿಡುಗಡೆಯಾದ ಮೇಲೆ ಹುಬ್ಬಳ್ಳಿಗೇ ಬಂದರು. 1992ರಲ್ಲಿ ಕಾಲವಾಗುವ ವರೆಗೂ ಆ ಊರೇ ಅವರ ಊರಾಯಿತು.

ಇನ್ನು ಹರ್ಡೀಕರರು ಕಲಿತು ತಂದ ಆರೋಗ್ಯಶಾಸ್ತ್ರದ ಗತಿಯೇನಾಯಿತು? ಪ್ಲೇಗನ್ನು ಕಂಡ ಊರೊಂದು ತನಗೆ ದೊರೆತಿದ್ದ ತಜ್ಞನನ್ನು ರಾಜಕಾರಣಕ್ಕೆ ತೆತ್ತಿತೆಂದು ಒಬ್ಬರು ಆಕ್ಷೇಪಿಸಿದರೆ ಅದಕ್ಕೆ ಪೂರ್ಣವಾದ ಸಮಾಧಾನವಿಲ್ಲ. ಆ ನಷ್ಟವು ನಿಜವಾದುದು. ಸ್ವರಾಜ್ಯದ ಲೆಕ್ಕದಲ್ಲಿ ಇಂತಹ ವೆಚ್ಚಗಳು ಅನೇಕ ಉಂಟು. ಆದರೆ ವಿದ್ಯೆಯು ನಿಶ್ಶೇಷವಾಗಿ ಹೋಗಲಿಲ್ಲವೆಂಬುದಕ್ಕೆ ಎರಡು ಸಾಕ್ಷಿಗಳಿವೆ. 1929ರಲ್ಲಿ ಬೆಳಗಾವಿ ಜಿಲ್ಲೆಯ ಘಟಪ್ರಭೆಯಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮದೊಡನೆ ಹರ್ಡೀಕರರ ಹೆಸರು ಹೊಂದಿಕೊಂಡಿದೆ; ಬಡವರಿಗೆ ವೈದ್ಯಸಹಾಯವನ್ನು ಒದಗಿಸುವ ಆ ಸಂಸ್ಥೆಯಲ್ಲಿ ಅವರ ಮೊದಲನೆಯ ವಿದ್ಯೆಯು ಮರಳಿ ಚಿಗುರಿತು. ಎರಡನೆಯ ಸಾಕ್ಷಿಯು ಸೇವಾದಳವೇ. ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಮೊದಲೇ ಸಮಾಜವನ್ನು ಅಣಿಗೊಳಿಸಬೇಕೆಂಬುದು ಆರೋಗ್ಯಶಾಸ್ತ್ರದ ತಿರುಳು. ಸತ್ಯಾಗ್ರಹವು ಬರುವ ಮೊದಲೇ ಸತ್ಯಾಗ್ರಹಿಯನ್ನು ಅಣಿಗೊಳಿಸಬೇಕೆಂಬುದು ಸೇವಾದಳದ ತಿರುಳು. ವಿಷಯವು ಬೇರೆಯಾದರೂ ವಿಚಾರದ ಕ್ರಮವು ಒಂದೇ.

ಸ್ವಾತಂತ್ರ್ಯದ ತರುವಾಯ ಹರ್ಡೀಕರರು 1952ರಿಂದ 1962ರ ವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದರು. 1975ರ ಆಗಸ್ಟ್ 26ರಂದು ನಿಧನರಾದರು. ಹುಟ್ಟಿ ನೂರು ವರ್ಷಗಳು ತುಂಬಿದ 1989ರಲ್ಲಿ ಅಂಚೆಯ ಇಲಾಖೆಯು ಅವರ ಹೆಸರಿನಲ್ಲಿ ಚೀಟಿಯನ್ನು ಹೊರಡಿಸಿತು.

ಪರದೇಶದಿಂದ ಮರಳುವವರು ಈಗ ಸಾವಿರಗಟ್ಟಲೆ. ಮನೆ, ಸಂಬಳ, ಮಕ್ಕಳ ಶಾಲೆ ಇವುಗಳ ಚಿಂತೆಯು ಅವರಿಗೆ ಮೊದಲು ಬರುವುದು ನ್ಯಾಯವೇ ಸರಿ. ಎಲ್ಲರೂ ಹರ್ಡೀಕರರಾಗಬೇಕೆಂದು ವಿಧಿಸುವುದು ಅನ್ಯಾಯ. ಆದರೂ ಅವರ ಬಾಳಿನಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅವರು ಅಮೇರಿಕೆಯಲ್ಲಿ ಕಲಿತುದನ್ನು ಹುಬ್ಬಳ್ಳಿಯ ಮೇಲೆ ಹೇರಲಿಲ್ಲ. ಹುಬ್ಬಳ್ಳಿಯ ಅಂದಿನ ಅವಶ್ಯಕತೆಯನ್ನು ಮೊದಲು ನೋಡಿ, ತಮ್ಮ ವಿದ್ಯೆಯ ಯಾವ ಭಾಗವು ಅದಕ್ಕೆ ಸಲ್ಲುವುದೋ ಅದನ್ನು ಕೊಟ್ಟರು. ಸಲ್ಲದುದನ್ನು ಕಾಲ ಕೂಡುವ ವರೆಗೆ ಕಾದಿಟ್ಟರು. ಕ್ಷಮೆ ಬೇಡದೆ ನಾಗಪುರದಿಂದ ಮರಳಿದ ಮಂಡಲವು ‘ಹುಬ್ಬಳ್ಳಿಯವರು’ ಎಂಬ ಹೆಸರಿನಿಂದ ದೇಶಕ್ಕೆ ಪರಿಚಿತವಾಯಿತು. ಆ ಹೆಸರಿನೊಳಗೆ, ಎರಡು ವರ್ಷಗಳ ಹಿಂದೆ ನ್ಯೂಯಾರ್ಕಿನ ಕಡೆಯಿಂದ ಬಂದಿದ್ದ ಡಾಕ್ಟರರೂ ಸೇರಿದ್ದರು.