ಮೆದುಳಿನ ಅಲೆಗಳು ಮತ್ತು ಧ್ವನಿ: ಕರ್ನಾಟಕದಲ್ಲಿ ನಡೆದ ಅಧ್ಯಯನಗಳ ಇತಿಹಾಸ

ಮೆದುಳಿನ ನರಕೋಶಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಟ್ಟೊಟ್ಟಿಗೆ ಮಿಡಿದಾಗ ಹುಟ್ಟುವ ವಿದ್ಯುತ್ ಏರಿಳಿತಕ್ಕೆ ಮೆದುಳಿನ ಅಲೆ ಎಂದು ಹೆಸರು. ತಲೆಬುರುಡೆಯನ್ನು ದಾಟಿ ನೆತ್ತಿಗೆ ಬರುವಷ್ಟರಲ್ಲಿ ಅದು ಮೈಕ್ರೋವೋಲ್ಟ್‌ಗಳಲ್ಲಿ ಅಳೆಯುವಷ್ಟು ಕ್ಷೀಣವಾಗಿರುತ್ತದೆ. ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದನ್ನು ನೋಡಿ ಅಲೆಗಳನ್ನು ವಿಂಗಡಿಸುತ್ತಾರೆ. 4ಕ್ಕಿಂತ ಕಡಿಮೆಯಾದರೆ ಡೆಲ್ಟಾ. ಗಾಢನಿದ್ರೆಯಲ್ಲಿ ಎದ್ದು ಕಾಣುವುದು ಇದೇ. 4ರಿಂದ 8 ಥೀಟಾ. ಕಣ್ಣು ಮುಚ್ಚಿ ಸುಮ್ಮನೆ ಕೂತಾಗ ತಲೆಯ ಹಿಂಭಾಗದಲ್ಲಿ ಕಾಣುವ 8ರಿಂದ 13ರದ್ದು ಆಲ್ಫಾ. 13ರಿಂದ 30 ಬೀಟಾ, ಅದರ ಮೇಲಿನದು ಗಾಮಾ.

ಇಲ್ಲಿಯೇ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. 10 ಹರ್ಟ್ಸ್‌ನ ಮೆದುಳಿನ ಅಲೆ ಬೇರೆ, 10 ಹರ್ಟ್ಸ್‌ನ ಧ್ವನಿ ಬೇರೆ. ಮೊದಲನೆಯದು ವಿದ್ಯುತ್ತು, ಎರಡನೆಯದು ಗಾಳಿಯ ಕಂಪನ. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿ. 10 ಹರ್ಟ್ಸ್‌ನ ಧ್ವನಿ ಸ್ವರವಾಗಿ ಕೇಳುವುದೇ ಇಲ್ಲ. ಇಂಥ ಹರ್ಟ್ಸ್ ಕೇಳಿದರೆ ನಿದ್ದೆ, ಅಂಥ ಹರ್ಟ್ಸ್ ಕೇಳಿದರೆ ನೆನಪಿನ ಶಕ್ತಿ ಎಂದು ಮೊಬೈಲಿನಲ್ಲಿ ಹರಿದಾಡುವ ಧ್ವನಿಮುದ್ರಿಕೆಗಳು ಹೆಚ್ಚಾಗಿ ಈ ಎರಡನ್ನೂ ಒಂದೇ ಎಂಬಂತೆ ಮಾತಾಡುತ್ತವೆ.

ಪ್ರಾಣಿಗಳ ಮೆದುಳಿನ ಮೇಲೆ ವಿದ್ಯುತ್ತಿನ ಚಲನೆ ಇದೆಯೆಂದು 1875ರಲ್ಲಿ ಮೊದಲು ವರದಿ ಮಾಡಿದವರು ಲಿವರ್‌ಪೂಲಿನ ವೈದ್ಯ ರಿಚರ್ಡ್ ಕೇಟನ್. ಮನುಷ್ಯನ ಮೆದುಳಿನ ಅಲೆಗಳನ್ನು 1924ರಲ್ಲಿ ದಾಖಲಿಸಿದವರು ಜರ್ಮನಿಯ ಯೇನಾದ ಮನೋವೈದ್ಯ ಹಾನ್ಸ್ ಬರ್ಗರ್. ಅವರು ಅದನ್ನು ಪ್ರಕಟಿಸಲು 5 ವರ್ಷ ತೆಗೆದುಕೊಂಡರು. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಫಲಿತಾಂಶ ತೋರಿಸಿದ ಮೇಲಷ್ಟೇ ಲೋಕ ನಂಬಿತು.

ಕರ್ನಾಟಕದಲ್ಲಿ ಈ ವಿದ್ಯೆ ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು; 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆದವು. ಇಲ್ಲಿ ನಡೆದ ಒಂದು ಹಳೆಯ ಪ್ರಯೋಗವನ್ನು ಮನೋವೈದ್ಯ ಜೆ. ಹೋನಿಗ್ 1968ರಲ್ಲಿ ಪ್ರಕಟಿಸಿದರು. ಒಬ್ಬ ಯೋಗಿಯನ್ನು ಗುಂಡಿಯಲ್ಲಿ ಕೂರಿಸಿ, ಮುಚ್ಚಿ, ಸುಮಾರು 9 ಗಂಟೆ ಕಾಲ ಅವರ ಮೆದುಳು ಮತ್ತು ಹೃದಯದ ವಿದ್ಯುತ್ತನ್ನು ದಾಖಲಿಸಲಾಯಿತು. ಹೃದಯದ ಬಡಿತ ಏರುತ್ತಲೂ ಇಳಿಯುತ್ತಲೂ ಇತ್ತು. ಮೆದುಳಿನಲ್ಲಿ ಮಾತ್ರ ಎಚ್ಚರದ ಆಲ್ಫಾ ಅಲೆಯೇ ಕಂಡಿತು. ಸಮಾಧಿಯೆಂದರೆ ಮೆದುಳು ನಿಂತುಹೋಗುವ ಸ್ಥಿತಿ ಎಂದು ನಂಬಿದ್ದವರಿಗೆ ಈ ದಾಖಲೆ ಬೇರೆಯದೇ ಉತ್ತರ ಕೊಟ್ಟಿತು: ಯೋಗಿ ಒಳಗೆ ಎಚ್ಚರವಾಗಿ, ನೆಮ್ಮದಿಯಾಗಿ ಕೂತಿದ್ದರು.

ಅದೇ ಕಾಲದ ದೆಹಲಿಯ ಪ್ರಯೋಗವೊಂದನ್ನೂ ಇದರ ಜೊತೆಗಿಟ್ಟು ನೋಡಬೇಕು. 1961ರಲ್ಲಿ ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ ಧ್ಯಾನಸ್ಥ ಯೋಗಿಗಳ ಬಳಿ ದೊಡ್ಡ ಸದ್ದು ಮಾಡಿದರು, ಕಣ್ಣಿಗೆ ಬೆಳಕು ಬಿಟ್ಟರು. ಸಾಮಾನ್ಯವಾಗಿ ಸದ್ದಾದೊಡನೆ ಆಲ್ಫಾ ಕದಡುತ್ತದೆ. ಧ್ಯಾನದಲ್ಲಿದ್ದವರಲ್ಲಿ ಅದು ಕದಡಲಿಲ್ಲ. ಆದರೆ 1955ರಲ್ಲಿ ಕಲ್ಕತ್ತೆಯ ಯೋಗಿಗಳ ಮೇಲೆ ದಾಸ್ ಮತ್ತು ಗ್ಯಾಸ್ತೋ ಮಾಡಿದ ಅಧ್ಯಯನದಲ್ಲಿ ಗಾಢ ಧ್ಯಾನದಲ್ಲಿ ವೇಗದ ಅಲೆಗಳೇ ಕಂಡಿದ್ದವು. ಎರಡೂ ಪ್ರಾಮಾಣಿಕ ಪ್ರಯೋಗಗಳೇ. ಧ್ಯಾನಕ್ಕೆ ಒಂದೇ ಒಂದು ಅಲೆ ಎಂಬ ಹೇಳಿಕೆ ಆಗಲೇ ನಿಲ್ಲದಾಗಿತ್ತು.

ಧ್ವನಿ ಮತ್ತು ಮೆದುಳಿನ ನಂಟನ್ನು ನಿಮ್ಹಾನ್ಸ್‌ನಲ್ಲಿ ನೇರವಾಗಿ ಕೈಗೆತ್ತಿಕೊಂಡವರು ನರಶರೀರಕ್ರಿಯಾ ವಿಭಾಗದ ಟಿ. ದೇಸಿರಾಜು ಮತ್ತು ಶರ್ಲಿ ಟೆಲ್ಲೆಸ್. 1993ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಓಂಕಾರ ಧ್ಯಾನದಲ್ಲಿ ಪಳಗಿದ 7 ಜನರಿದ್ದರು. ಹೋಲಿಕೆಗಾಗಿ ಅದೇ ವಯಸ್ಸಿನ, ಧ್ಯಾನ ಕಲಿಯದ 7 ಜನ. ಕಿವಿಗೆ ಬಿದ್ದ ಸದ್ದಿಗೆ ಮೆದುಳು ಕೊಡುವ ಉತ್ತರವನ್ನು ಅಳೆದಾಗ, ಸದ್ದಾದ 35ರಿಂದ 65 ಮಿಲಿಸೆಕೆಂಡಿನೊಳಗೆ ಬರುವ ಒಂದು ಅಲೆ ಧ್ಯಾನದ ವೇಳೆ ತುಸು ಬೇಗ ಬಂದಿತು. ವ್ಯತ್ಯಾಸ ಚಿಕ್ಕದು, ಆದರೆ ಖಚಿತ ಎಂದು ಅವರು ಬರೆದರು. ವ್ಯಕ್ತಿಯಿಂದ ವ್ಯಕ್ತಿಗೆ ಅಂತರ ಬಹಳವಿತ್ತೆಂದೂ ಸೇರಿಸಿದರು. ಈ ಎಚ್ಚರಿಕೆಯ ಮಾತನ್ನು ಮುಂದೆ ಆ ಫಲಿತಾಂಶವನ್ನು ಎತ್ತಿ ಹೇಳಿದವರಲ್ಲಿ ಅನೇಕರು ಬಿಟ್ಟೇಬಿಟ್ಟರು. 2011ರಲ್ಲಿ ಅದೇ ಸಂಸ್ಥೆಯ ಬಿ.ಜಿ. ಕಲ್ಯಾಣಿ, ಬಿ.ಎನ್. ಗಂಗಾಧರ ಮತ್ತು ಸಂಗಡಿಗರು 12 ಜನರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಓಂಕಾರ ಹೇಳಿಸಿದರು. ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತು. ಅಷ್ಟೇ ಹೊತ್ತು ಬರೀ ‘ಸ್‌ಸ್‌ಸ್’ ಎಂದು ಉಸುರಿದಾಗ ಹಾಗೆ ಆಗಲಿಲ್ಲ. ಕಿವಿಯ ಬಳಿ ಹಾದುಹೋಗುವ ವೇಗಸ್ ನರದ ಕವಲನ್ನು ಓಂಕಾರದ ಕಂಪನ ತಟ್ಟಿರಬಹುದೆಂಬುದು ಅವರ ಊಹೆ. ಒಳ್ಳೆಯ ಅಧ್ಯಯನ, ಆದರೆ ಆರಂಭದ ಅಧ್ಯಯನ. 12 ಜನರ ಫಲಿತಾಂಶವನ್ನು ಇಡೀ ನಾಡಿಗೆ ಔಷಧಿಯೆಂದು ಹಂಚುವಂತಿಲ್ಲ.

ಹೆಡ್‌ಫೋನಿನಲ್ಲಿ ಕೇಳಿಸುವ ‘ಬೈನಾರಲ್ ಬೀಟ್’ ಇದಕ್ಕಿಂತ ಹಳೆಯದು. ಒಂದು ಕಿವಿಗೆ 400, ಇನ್ನೊಂದಕ್ಕೆ 410 ಹರ್ಟ್ಸ್ ಕೇಳಿಸಿದರೆ ಸೆಕೆಂಡಿಗೆ 10 ಸಲ ಏರಿಳಿಯುವ ಮಿಡಿತವೊಂದು ತಲೆಯೊಳಗೆ ಕೇಳಿದಂತಾಗುತ್ತದೆ. ಇದನ್ನು 19ನೇ ಶತಮಾನದಲ್ಲಿಯೇ ಕಂಡವರು ಜರ್ಮನಿಯ ಹೈನ್ರಿಷ್ ಡೋವ. 1973ರಲ್ಲಿ ಜೆರಾಲ್ಡ್ ಆಸ್ಟರ್ ಬರೆದ ಲೇಖನದಿಂದ ಅದು ಮತ್ತೆ ಬೆಳಕಿಗೆ ಬಂತು, ಆಮೇಲೆ ವ್ಯಾಪಾರವಾಯಿತು. ಮಿಡಿತ ಕೇಳುವುದು ನಿಜ. ಮೆದುಳಿನ ಅಲೆ ಅದರ ಹಿಂದೆ ಹೋಗಿ ಮನಸ್ಸಿನ ಸ್ಥಿತಿಯನ್ನೇ ಬದಲಿಸುತ್ತದೆಯೇ ಎಂಬುದೇ ಪ್ರಶ್ನೆ. 2023ರಲ್ಲಿ 14 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ 5 ಮಾತ್ರ ಅಲೆ ಹಿಂಬಾಲಿಸುತ್ತದೆ ಎಂಬುದರ ಪರವಾಗಿದ್ದವು, 8 ವಿರುದ್ಧವಾಗಿದ್ದವು.

432 ಹರ್ಟ್ಸ್‌ಗೆ ಶ್ರುತಿ ಮಾಡಿದ ಸಂಗೀತ ಮನಸ್ಸಿಗೆ ವಿಶೇಷ ಹಿತವೆಂಬ ಮಾತಂತೂ ನಮ್ಮ ಸಂಗೀತಕ್ಕೆ ಹೊಂದುವುದೇ ಇಲ್ಲ. 1939ರಲ್ಲಿ ಲಂಡನ್ನಿನ ಸಮ್ಮೇಳನ 440 ಹರ್ಟ್ಸನ್ನು ಶ್ರುತಿಯ ಮಾನಕವೆಂದು ಒಪ್ಪಿದ್ದು ಪಾಶ್ಚಾತ್ಯ ವಾದ್ಯಮೇಳಗಳ ಅನುಕೂಲಕ್ಕೆ. ನಮ್ಮಲ್ಲಿ ಷಡ್ಜ ನಿಲ್ಲುವುದು ಹಾಡುವವರ ಕಂಠದ ಮೇಲೆ. ಉತ್ತರ ಕರ್ನಾಟಕದ ಚಿಂಚೋಳಿ, ಸೇಡಂ ಸೀಮೆಯ ಭಜನೆಯಲ್ಲಿ ತತ್ವಪದ ಎತ್ತಿಕೊಳ್ಳುವ ಮೊದಲು ಪೇಟಿಯವರು ಕರಿ ಎರಡೋ ಬಿಳಿ ನಾಲ್ಕೋ ಎಂದು ಕೇಳಿ ಸ್ವರ ಹಿಡಿಯುತ್ತಾರೆ. ರಾತ್ರಿಯಿಡೀ ಆ ಭಜನೆಯಲ್ಲಿ ಕೂತವರಿಗೆ ಸಿಗುವ ಸಮಾಧಾನ ಸುಳ್ಳಲ್ಲ. ಅದು ಪದದ ಅರ್ಥ, ಜೊತೆಗೂಡಿ ಹಾಡುವುದು, ಲಯ, ಭಕ್ತಿ ಎಲ್ಲ ಸೇರಿ ಬಂದದ್ದು. ಒಂದು ಅಂಕಿಗೆ ಅದನ್ನು ಕಟ್ಟಿಹಾಕಿದರೆ ಹಾಡಿಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಧ್ವನಿಗೂ ಮೆದುಳಿನ ಅಲೆಗೂ ಇರುವ ನಂಟು ಜನರ ಬದುಕಿಗೆ ನಿಜವಾಗಿ ಒದಗಿದ್ದು ಮೈಸೂರಿನಲ್ಲಿ. ಅಲ್ಲಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. 1971ರಲ್ಲಿ ಜ್ಯುವೆಟ್ ಮತ್ತು ವಿಲ್ಲಿಸ್ಟನ್ ವಿವರಿಸಿದ ಪರೀಕ್ಷೆಯೊಂದು ಅಲ್ಲಿ ಬಳಕೆಯಲ್ಲಿದೆ: ಕಿವಿಗೆ ‘ಟಿಕ್’ ಎಂಬ ಸದ್ದನ್ನು ಸಾವಿರಾರು ಸಲ ಕೇಳಿಸಿ, ಪ್ರತಿ ಸಲವೂ ಮೊದಲ 10 ಮಿಲಿಸೆಕೆಂಡಿನಲ್ಲಿ ಮೆದುಳಿನ ಕಾಂಡದಿಂದ ಬರುವ ಉತ್ತರಗಳನ್ನು ಕೂಡಿಸಿ ಸರಾಸರಿ ತೆಗೆಯುವುದು. ಸಂತೆಯ ಗದ್ದಲದಲ್ಲಿ ಒಬ್ಬರೇ ಮತ್ತೆಮತ್ತೆ ಕರೆದರೆ ಕೊನೆಗೆ ಆ ದನಿ ಗುರುತು ಸಿಗುವಂತೆ, ಮಿಕ್ಕ ಅಲೆಗಳ ನಡುವಿನಿಂದ ಆ ಸಣ್ಣ ಉತ್ತರ ಮೇಲೆ ಬರುತ್ತದೆ. ಮಗು ಮಾತಾಡಬೇಕಿಲ್ಲ, ಕೈಯೆತ್ತಬೇಕಿಲ್ಲ, ನಿದ್ದೆಯಲ್ಲಿದ್ದರೂ ಆದೀತು. ಹುಟ್ಟಿದ ಕೆಲವೇ ದಿನಗಳಲ್ಲಿ ಕಿವಿ ಕೇಳುತ್ತದೋ ಇಲ್ಲವೋ ಎಂದು ಅಂದಾಜು ಮಾಡಬಹುದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಬಲವಾಗಿರುವ ಉತ್ತರ ಕರ್ನಾಟಕದಲ್ಲಿ ಇದರ ಬೆಲೆ ಹೆಚ್ಚು. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡಿನ ಅಪಾಯ ಹೆಚ್ಚೆಂಬುದು ಸಾಬೀತಾದ ಸಂಗತಿ. ಎರಡು ಮೂರು ವರ್ಷವಾದರೂ ಮಗು ಮಾತಾಡಲಿಲ್ಲ ಎಂದು ಆಮೇಲೆ ಕರೆತರುವ ಬದಲು ತೊಟ್ಟಿಲಲ್ಲಿರುವಾಗಲೇ ತಿಳಿದರೆ, ಶ್ರವಣಯಂತ್ರವೋ ಶಸ್ತ್ರಚಿಕಿತ್ಸೆಯೋ ನೆರವಾಗಿ ಮಗು ಮಾತು ಕಲಿಯುತ್ತದೆ.

ಮೂರ್ಛೆರೋಗದ ಇತಿಹಾಸವೂ ಧ್ವನಿ ಮತ್ತು ಮೆದುಳಿನ ಅಲೆಯ ಈ ನಂಟಿಗೆ ಹೊಂದಿಕೊಂಡಿದೆ. ಸಂಗೀತ ಕೇಳಿದೊಡನೆ ಫಿಟ್ಸ್ ಬರುವ ಅಪರೂಪದ ರೋಗಿಗಳನ್ನು ಮ್ಯಾಕ್‌ಡೊನಾಲ್ಡ್ ಕ್ರಿಚ್ಲಿ 1937ರಲ್ಲಿ ವಿವರಿಸಿದ್ದರು. ಕರ್ನಾಟಕದಲ್ಲಿ ಹೆಚ್ಚು ಕಂಡದ್ದು ಬೇರೊಂದು ಬಗೆ: ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆ. ಕೆ.ಎಸ್. ಮಣಿ ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಗುರುತಿಸಿದರು; 1988ರಲ್ಲಿ ಪಿ. ಸತೀಶಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಹೊರಗಿನ ಪ್ರಚೋದನೆ ಮೆದುಳಿನ ಅಲೆಯನ್ನು ಕದಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಎಂ. ಗೌರಿದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಬೆಂಗಳೂರು ಸುತ್ತಲಿನ 1 ಲಕ್ಷಕ್ಕೂ ಹೆಚ್ಚು ಜನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಮೂರ್ಛೆರೋಗ ಹಳ್ಳಿಗಳಲ್ಲಿ ನಗರದ ಸುಮಾರು ಎರಡು ಪಟ್ಟು ಕಂಡಿತು. ಮೆದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಬೇಕಿರುವುದು ಹಳ್ಳಿಗೇ ಹೆಚ್ಚು. ಫಿಟ್ಸ್ ಬರುವ ಮಗುವಿಗೆ ಗುಳಿಗೆ ನಿಲ್ಲಿಸಿ ಹೆಡ್‌ಫೋನ್ ಹಾಕುವುದು ಅಪಾಯ. ಹತ್ತರಲ್ಲಿ ಏಳು ಜನರಿಗೆ ಸರಿಯಾದ ಗುಳಿಗೆಯಿಂದಲೇ ಫಿಟ್ಸ್ ನಿಲ್ಲಬಲ್ಲದು.

ಇತ್ತೀಚಿನ ಕೆಲಸ ನಡೆದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಸುಪ್ರತಿಮ್ ರೇ ಅವರ ತಂಡ ಪರದೆಯ ಮೇಲೆ ಪಟ್ಟೆಗಳ ಚಿತ್ರ ತೋರಿಸಿ ವಯಸ್ಸಾದವರ ಗಾಮಾ ಅಲೆಗಳನ್ನು ಅಳೆಯಿತು. ವಯಸ್ಸಾದಂತೆ ಆ ಅಲೆ ಕುಗ್ಗುತ್ತದೆ. ಮರೆವಿನ ಕಾಯಿಲೆಯ ಆರಂಭದಲ್ಲಿರುವವರಲ್ಲಿ ಇನ್ನೂ ಕುಗ್ಗಿರುತ್ತದೆ ಎಂದು 2021ರಲ್ಲಿ ವರದಿಯಾಯಿತು. ಅಮೆರಿಕದಲ್ಲಿ 40 ಹರ್ಟ್ಸ್‌ನ ಬೆಳಕು, ಸದ್ದುಗಳಿಂದ ಇಲಿಗಳ ಮೆದುಳಿನ ಕಲ್ಮಶ ಕಡಿಮೆಯಾಯಿತೆಂಬ ವರದಿ ಬಂದಿದೆ, ಅದನ್ನು ಪ್ರಶ್ನಿಸುವ ವರದಿಯೂ ಬಂದಿದೆ. ಅಲೆಯನ್ನು ಅಳೆಯುವುದರಲ್ಲಿ ನಾವು ಬಹಳ ಮುಂದೆ ಬಂದಿದ್ದೇವೆ. ಆಳುವುದರಲ್ಲಿ ಇನ್ನೂ ಹೊಸಿಲ ಬಳಿಯೇ ಇದ್ದೇವೆ.

ಧ್ವನಿಯ ಒಂದು ಪರಿಣಾಮದ ಬಗ್ಗೆ ಮಾತ್ರ ವಿವಾದವಿಲ್ಲ: ಗದ್ದಲ ಮಾಡುವ ಹಾನಿ. ಶಹಾಬಾದ್, ವಾಡಿ, ಸೇಡಂ ಸುತ್ತಲಿನ ನೆಲ ಸುಣ್ಣಕಲ್ಲಿನದು. ಕಲ್ಲಿನ ಗಣಿ, ಸಿಮೆಂಟು ಕಾರ್ಖಾನೆ, ರಾತ್ರಿಯಿಡೀ ರೈಲು ಹಾಯುವ ವಾಡಿ ಜಂಕ್ಷನ್ ಇಲ್ಲಿಯ ದಿನನಿತ್ಯ. ದೀರ್ಘಕಾಲದ ಸದ್ದು ಒಳಗಿವಿಯ ಕೋಶಗಳನ್ನು ಕೊಲ್ಲುತ್ತದೆ, ಅವು ಮತ್ತೆ ಹುಟ್ಟುವುದಿಲ್ಲ. ಮಲಗಿದವರು ಎಚ್ಚರಗೊಳ್ಳದಿದ್ದರೂ ರಾತ್ರಿಯ ಸದ್ದಿಗೆ ಗಾಢನಿದ್ರೆ ಒಡೆಯುವುದನ್ನು ಇಇಜಿ ಸ್ಪಷ್ಟವಾಗಿ ತೋರಿಸುತ್ತದೆ. ಕಾರ್ಖಾನೆಯೊಳಗೆ 8 ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್.