ದಿಲ್ಮುನ್ ತಾಮ್ರ, ಎಂಟು ಡಾಲರ್ ಮತ್ತು ನನ್ನ ಬೀದಿದೀಪ

"ನಿಮ್ಮ ಬಗ್ಗೆ ಸ್ವಲ್ಪ ಹೇಳಿ."

ಮನಾಮಾದ ಒಂದು ಕಂಪನಿಯ ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ ಅಂತ ಗೊತ್ತಿತ್ತು. ಮಂಗಳೂರಿನ ರೂಂಮೇಟ್ ಮೊದಲೇ ಹೇಳಿದ್ದ: "ಜಾವಾ, ಒರಾಕಲ್ ಅಂತ ಪಟ್ಟಿ ಓದ್ಬೇಡ ಮಾರಾಯ, ಒಂದು ಕಥೆ ಹೇಳು." ಸರಿ, ಹೇಳಿದೆ. ನಮ್ಮ ಮೇಷ್ಟ್ರು ವಿಶ್ವೇಶ್ವರಯ್ಯನವರ ಬಗ್ಗೆ ಹೇಳ್ತಿದ್ದ ಬೀದಿದೀಪದ ಕಥೆಯನ್ನೇ ನನ್ನದು ಮಾಡಿಕೊಂಡೆ. ಕರೆಂಟ್ ಹೋದಾಗೆಲ್ಲ ಬೀದಿದೀಪದ ಕೆಳಗೆ ಕೂತು ಓದಿ ಇಂಜಿನಿಯರ್ ಆದೆ ಅಂದೆ. ಎದುರಿಗಿದ್ದ ಹಿರಿಯರು ತಣ್ಣಗೆ ಕೇಳಿದರು: "ಕರೆಂಟ್ ಹೋದಾಗ ಬೀದಿದೀಪ ಹೇಗೆ ಉರೀತಿತ್ತು?"

ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾ?

ಆದರೆ ಕಥೆ ಹೇಳಿ ಬಂಡವಾಳ ಎತ್ತೋದು ಈ ದ್ವೀಪಕ್ಕೇನೂ ಹೊಸತಲ್ಲ. ಸುಮಾರು 4,000 ವರ್ಷದ ಹಿಂದೆ ಬಹ್ರೇನ್ ದಿಲ್ಮುನ್ ನಾಡಿನ ಭಾಗ. ಈಗಿನ ಒಮಾನ್ ಕಡೆಯ ತಾಮ್ರ ದಿಲ್ಮುನ್ ಮೂಲಕ ಇರಾಕಿನ ಉರ್ ಪಟ್ಟಣಕ್ಕೆ ಹೋಗ್ತಿತ್ತು. ಉರ್‌ನ ವ್ಯಾಪಾರಿಗಳು ಊರವರಿಂದ ಬೆಳ್ಳಿ ಸಂಗ್ರಹಿಸಿ ಹಡಗು ಹತ್ತುತ್ತಿದ್ದರು. ಈಗಿನವರು ವೆಂಚರ್ ಕ್ಯಾಪಿಟಲ್ ಅಂತಾರಲ್ಲ, ಹೆಚ್ಚುಕಮ್ಮಿ ಅದೇ. ಅಂಥವರಲ್ಲಿ ಒಬ್ಬ ಈಯಾ-ನಾಸಿರ್. ಕ್ರಿ.ಪೂ. 1750ರ ಸುಮಾರಿಗೆ ನನ್ನಿ ಎಂಬ ಗಿರಾಕಿ ಅವನಿಗೆ ಬರೆದ ಜೇಡಿಮಣ್ಣಿನ ಹಲಗೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಳ್ಳೆ ಗಟ್ಟಿ ಕೊಡ್ತೀನಿ ಅಂದೆ, ಕಳಪೆ ಮಾಲು ತೋರಿಸಿದೆ, ನನ್ನ ಆಳನ್ನು ಅವಮಾನ ಮಾಡಿ ಕಳಿಸಿದೆ, ಇನ್ಮೇಲೆ ಒಂದೊಂದು ಗಟ್ಟಿಯನ್ನೂ ನನ್ನ ಅಂಗಳದಲ್ಲೇ ಆರಿಸಿ ತಗೋತೀನಿ ಅನ್ನೋದು ಅದರ ಸಾರಾಂಶ. ನನ್ನನ್ನು ಸಂದರ್ಶನ ಮಾಡಿದವರೂ ನನ್ನಿಯ ವಂಶದವರೇ ಇರಬೇಕು.

ಈಗ ನಮ್ಮವರ ಕಥೆಗೆ ಬನ್ನಿ. ಇಲ್ಲಿಂದ ಸುಮಾರು ಒಂದು ಗಂಟೆ ಹಾರಿದರೆ ಅಬುಧಾಬಿ. 1973ರಲ್ಲಿ ಉಡುಪಿ ಕಡೆಯ ಬಿ.ಆರ್. ಶೆಟ್ಟಿ ಜೇಬಲ್ಲಿ ಎಂಟು ಡಾಲರ್ ಇಟ್ಟುಕೊಂಡು ಅಲ್ಲಿಗೆ ಬಂದರು ಅನ್ನೋದನ್ನ ಗಲ್ಫ್ ಕನ್ನಡಿಗರಲ್ಲಿ ಕೇಳದವರಿಲ್ಲ. ತಂಗಿಯ ಮದುವೆಯ ಸಾಲ, ಮನೆಮನೆಗೆ ಹೋಗಿ ಔಷಧಿ ಮಾರಿದ್ದು, 1975ರಲ್ಲಿ ಎನ್‌ಎಂಸಿ ಆಸ್ಪತ್ರೆ, 2009ರಲ್ಲಿ ಪದ್ಮಶ್ರೀ, 2012ರಲ್ಲಿ ಲಂಡನ್ ಷೇರುಪೇಟೆ. ನಮ್ಮ ಹುಡುಗರಿಗೆ ಇದು ಹೆಚ್ಚುಕಮ್ಮಿ ಪುರಾಣವೇ ಆಗಿತ್ತು. ಡಿಸೆಂಬರ್ 2019ರಲ್ಲಿ ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಸಂಸ್ಥೆ ಕಂಪನಿಯ ಲೆಕ್ಕಪತ್ರದ ಬಗ್ಗೆ ಪ್ರಶ್ನೆ ಎತ್ತಿತು. ಷೇರು ಬಿದ್ದರೆ ಲಾಭ ಮಾಡುವ ಸಂಸ್ಥೆ ಅದು, ಸಾಧುಗಳೇನಲ್ಲ ಬಿಡಿ. ಆದರೆ ಕೆಲವೇ ತಿಂಗಳಲ್ಲಿ 400 ಕೋಟಿ ಡಾಲರಿಗೂ ಮಿಕ್ಕಿ ಲೆಕ್ಕಕ್ಕೆ ಬಾರದ ಸಾಲ ಹೊರಬಿತ್ತು, ಏಪ್ರಿಲ್ 2020ರಲ್ಲಿ ಎನ್‌ಎಂಸಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಮೋಸ ಹೋದವನು ನಾನೇ ಅನ್ನೋದು ಶೆಟ್ಟಿಯವರ ವಾದ. ಎಂಟು ಡಾಲರ್ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಎಂಟು ಡಾಲರ್ ಕಥೆ ಕೇಳಿ ಕಣ್ಣೊರೆಸಿಕೊಂಡವರು ಯಾರೂ ಬ್ಯಾಲೆನ್ಸ್ ಶೀಟಿನ ಕೊನೆ ಪುಟ ತಿರುವಲಿಲ್ಲವಲ್ಲ, ಅದೇ ಆಶ್ಚರ್ಯ.

ಇನ್ಫೋಸಿಸ್ಸಿನದು ಉಲ್ಟಾ. 1981ರಲ್ಲಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ ಈಗ ಎಲ್ಲರ ಬಾಯಲ್ಲಿದೆ. ಆದರೆ 1993ರಲ್ಲಿ 95 ರೂಪಾಯಿಯಂತೆ ಷೇರು ಬಿಟ್ಟಾಗ ಜನ ಪೂರ್ತಿ ಕೊಳ್ಳಲೇ ಇಲ್ಲ. ಕಥೆ ದುಡ್ಡು ತರಲಿಲ್ಲ, ದುಡ್ಡು ಬಂದ ಮೇಲೆ ಕಥೆಗೆ ಬೆಲೆ ಬಂತು.

ಬರುವ ಭಾನುವಾರ ಇನ್ನೊಂದು ಸಂದರ್ಶನ ಇದೆ. ವೀಸಾ ಈ ತಿಂಗಳ ಕೊನೆವರೆಗೆ ಮಾತ್ರ. ಒಂದಾದರೂ ನಿಜವಾದ ಕಥೆ ಬೇಕಲ್ಲ ಅಂತ ನಿನ್ನೆ ಅಪ್ಪನಿಗೆ ಫೋನ್ ಮಾಡಿ, ಕರೆಂಟ್ ಹೋದಾಗ ನಾನು ಏನು ಮಾಡ್ತಿದ್ದೆ ಅಂತ ಕೇಳಿದೆ.

"ಮಲಗಿಬಿಡ್ತಿದ್ದೆ ಕಣೋ" ಅಂದರು.