ಹೊಸ ಗುತ್ತಿಗೆ ಕೆಲಸದಲ್ಲಿ ‘ಇದು ನನ್ನಿಂದಾಗದು’ ಎನಿಸುವುದೇಕೆ?

ಕೆಲಸ ಸಿಕ್ಕಿದೆ, ಮುಂಗಡವೂ ಕೈಗೆ ಬಂದಿದೆ. ಆದರೆ ಮೊದಲ ದಿನ ಕೆಲಸದ ಜಾಗದಲ್ಲಿ ನಿಂತಾಗ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತಾಗುತ್ತದೆ. ಉಳಿದವರಿಗೆಲ್ಲ ಕೆಲಸ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ ಎಂಬ ಅಳುಕು ಶುರುವಾಗುತ್ತದೆ. ಸಾಫ್ಟ್‌ವೇರ್ ಕಂಪನಿಗೆ ಆರು ತಿಂಗಳ ಕಂಟ್ರಾಕ್ಟ್ ಮೇಲೆ ಸೇರಿದವರಿಗೂ ಹೀಗಾಗುತ್ತದೆ, ಮೊದಲ ಬಾರಿ ಒಂದು ಮನೆಯ ಸಾರಣೆ ಕೆಲಸವನ್ನು ಸ್ವಂತವಾಗಿ ವಹಿಸಿಕೊಂಡವರಿಗೂ ಆಗುತ್ತದೆ.

ಈ ಅಳುಕು ಎಲ್ಲಿಂದ ಬರುತ್ತದೆ? ಅದು ಹೇಳುವುದನ್ನು ಎಷ್ಟು ನಂಬಬೇಕು? ಈ ಲೇಖನದಲ್ಲಿ ನೋಡೋಣ.

ಇದಕ್ಕೊಂದು ಹೆಸರಿದೆ

1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಇಮ್ಸ್ ಒಂದು ಪ್ರಬಂಧ ಪ್ರಕಟಿಸಿದರು. ಓದಿನಲ್ಲಿ, ಉದ್ಯೋಗದಲ್ಲಿ ಒಳ್ಳೆಯ ಸಾಧನೆ ಮಾಡಿದ 150ಕ್ಕೂ ಹೆಚ್ಚು ಮಹಿಳೆಯರನ್ನು ಅವರು ಗಮನಿಸಿದ್ದರು. ಇವರಲ್ಲಿ ಹಲವರು ತಮ್ಮ ಗೆಲುವಿಗೆ ಅದೃಷ್ಟ ಕಾರಣ, ಪರೀಕ್ಷಕರ ತಪ್ಪು ಕಾರಣ ಎನ್ನುತ್ತಿದ್ದರು. ತಾವು ಜನರನ್ನು ಮೋಸ ಮಾಡುತ್ತಿದ್ದೇವೆ ಎಂದು ನಂಬಿದ್ದರು. ಇದನ್ನು ಅವರು ‘ಇಂಪೋಸ್ಟರ್ ವಿದ್ಯಮಾನ’ ಎಂದು ಕರೆದರು. ಸೋಗುಗಾರ ಭಾವನೆ ಎಂದು ನಾವು ಹೇಳಬಹುದು. ಜನರ ಬಾಯಲ್ಲಿ ಅದು ‘ಇಂಪೋಸ್ಟರ್ ಸಿಂಡ್ರೋಮ್’ ಆಯಿತು. ಆದರೆ ಇದು ಕಾಯಿಲೆಯಲ್ಲ. ಮಾನಸಿಕ ಕಾಯಿಲೆಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಇದರ ಹೆಸರಿಲ್ಲ.

ಎಷ್ಟು ಜನರಿಗೆ ಹೀಗಾಗುತ್ತದೆ? 62 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವರದಿ 2020ರಲ್ಲಿ ಬಂತು. ಅವುಗಳಲ್ಲಿ ಈ ಭಾವನೆಯ ಪ್ರಮಾಣ ಶೇ. 9ರಿಂದ ಶೇ. 82ರವರೆಗೆ ಇತ್ತು. ಯಾವ ಪ್ರಶ್ನಾವಳಿ ಬಳಸಿದರು, ಎಷ್ಟು ಅಂಕಕ್ಕೆ ಗೆರೆ ಎಳೆದರು ಎಂಬುದರ ಮೇಲೆ ಉತ್ತರ ಇಷ್ಟು ಬದಲಾಗುತ್ತದೆ. ಗಂಡಸರಲ್ಲೂ ಇದು ಸಾಮಾನ್ಯ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಗುತ್ತಿಗೆ ಕೆಲಸದಲ್ಲಿ ಅಳುಕು ಹೆಚ್ಚೇಕೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆ, ಮಂಗಳೂರಿನಿಂದ ಚಾರ್ಮಾಡಿ ಘಾಟಿಯತ್ತ ಹೋಗುವ ಹೆದ್ದಾರಿಗೆ ವೇಣೂರು ಮತ್ತು ಉಪ್ಪಿನಂಗಡಿ ಕಡೆಯ ರಸ್ತೆಗಳು ಬಂದು ಸೇರುವ ಪೇಟೆ. ಸುತ್ತ ಅಡಿಕೆ ತೋಟಗಳು. ಕೊಳೆ ರೋಗ ಬಾರದಂತೆ ಮಳೆಗಾಲದ ಆರಂಭದಲ್ಲೊಮ್ಮೆ, 40–45 ದಿನಗಳ ನಂತರ ಮತ್ತೊಮ್ಮೆ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಇಲ್ಲಿಯವರ ಮಾತಿನಲ್ಲಿ ಮದ್ದು ಬಿಡುವುದು. ಕೂಲಿಯಾಳುಗಳ ಕೊರತೆ ಇರುವುದರಿಂದ ಈ ಕೆಲಸವನ್ನು ಗುತ್ತಿಗೆ ಕೊಡುವವರಿದ್ದಾರೆ. ಒಂದೆರಡು ವರ್ಷ ಬೇರೆಯವರ ತಂಡದಲ್ಲಿ ದುಡಿದ ಯುವಕನೊಬ್ಬ ಈ ಸಲ ಸ್ವಂತ ತಂಡ ಕಟ್ಟಿ ಐದು ತೋಟ ಒಪ್ಪಿಕೊಂಡಿದ್ದಾನೆ ಎಂದುಕೊಳ್ಳಿ. ಮದ್ದು ಸರಿಯಾಗದಿದ್ದರೆ ಹೋಗುವುದು ಒಂದು ಮನೆಯ ಇಡೀ ವರ್ಷದ ಫಸಲು. ಅವನಿಗೆ ರಾತ್ರಿ ನಿದ್ದೆ ಬಾರದಿದ್ದರೆ ಆಶ್ಚರ್ಯವಿಲ್ಲ.

ಅವನ ಸ್ಥಿತಿಗೂ ಸಾಫ್ಟ್‌ವೇರ್ ಕಂಟ್ರಾಕ್ಟ್‌ನವರ ಸ್ಥಿತಿಗೂ ಮೂರು ಹೋಲಿಕೆಗಳಿವೆ. ಒಂದು, ಇಬ್ಬರನ್ನೂ ‘ಕೆಲಸ ಬರುವವರು’ ಎಂದೇ ಕರೆಸಿರುತ್ತಾರೆ. ಹೊಸ ನೌಕರನಿಗೆ ಸಿಗುವ ತರಬೇತಿ, ಕಲಿಯುವ ಕಾಲಾವಕಾಶ ಇವರಿಗಿಲ್ಲ. ಎರಡು, ಗುತ್ತಿಗೆ ಮುಂದುವರಿಯುವ ಭರವಸೆ ಇಲ್ಲದ್ದರಿಂದ ಪ್ರತಿ ದಿನವೂ ಪರೀಕ್ಷೆಯಂತೆ ಕಾಣುತ್ತದೆ. ಮೂರು, ಪ್ರತಿ ಕೆಲಸದಲ್ಲೂ ಜಾಗ ಹೊಸದು, ಜನ ಹೊಸಬರು. ಕಸುಬು ಗೊತ್ತಿದ್ದರೂ ಈ ತೋಟದ ನೀರು ಎಲ್ಲಿ, ಈ ಕಂಪನಿಯ ಕಡತ ಎಲ್ಲಿ ಎಂಬುದು ಗೊತ್ತಿರುವುದಿಲ್ಲ.

ಇದರ ಮೇಲೆ ದೇಹವೂ ತನ್ನ ಪಾಲು ಸೇರಿಸುತ್ತದೆ. ಆತಂಕವಾದಾಗ ಅಡ್ರಿನಲಿನ್ ಹೆಚ್ಚಿ ಎದೆ ಬಡಿತ ಏರುತ್ತದೆ, ಕೈ ಬೆವರುತ್ತದೆ. ಒಂದು ಲೆಕ್ಕವನ್ನು ತಲೆಯಲ್ಲೇ ಹಿಡಿದಿಟ್ಟುಕೊಳ್ಳಲು ಬೇಕಾದ ತಾತ್ಕಾಲಿಕ ನೆನಪಿನ ಜಾಗವನ್ನು ಚಿಂತೆಯೇ ಆಕ್ರಮಿಸುತ್ತದೆ. ಹಾಗಾಗಿ ಚೆನ್ನಾಗಿ ಗೊತ್ತಿದ್ದದ್ದೂ ಆ ಹೊತ್ತಿಗೆ ನೆನಪಾಗುವುದಿಲ್ಲ. ‘ನೋಡು, ನನಗೆ ಗೊತ್ತೇ ಇಲ್ಲ’ ಎಂದು ನಾವು ಅದನ್ನೇ ಸಾಕ್ಷಿಯಾಗಿ ಹಿಡಿಯುತ್ತೇವೆ.

ಮೂರು ತಪ್ಪು ನಂಬಿಕೆಗಳು

ನಂಬಿಕೆ 1: ‘ನನ್ನ ಅಳುಕು ಎಲ್ಲರಿಗೂ ಕಾಣುತ್ತಿದೆ.’

ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಇತರರಿದ್ದ ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಚಿತ್ರವನ್ನು ಗಮನಿಸಿರುತ್ತಾರೆ ಎಂದು ಶರ್ಟ್ ಹಾಕಿದವರು ಅಂದಾಜಿಸಿದರು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ನಮ್ಮ ಮೇಲೆ ಇತರರ ಕಣ್ಣು ನಾವು ಎಣಿಸಿದಷ್ಟು ಇರುವುದಿಲ್ಲ.

ನಂಬಿಕೆ 2: ‘ಧೈರ್ಯವಾಗಿ ಇರುವವನಿಗೆ ಕೆಲಸ ಚೆನ್ನಾಗಿ ಬರುತ್ತದೆ.’

ಹಾಗೇನಿಲ್ಲ. 1999ರಲ್ಲಿ ಡೇವಿಡ್ ಡನ್ನಿಂಗ್ ಮತ್ತು ಜಸ್ಟಿನ್ ಕ್ರುಗರ್ ತರ್ಕ, ವ್ಯಾಕರಣ ಮೊದಲಾದ ಪರೀಕ್ಷೆಗಳನ್ನು ಕೊಟ್ಟು, ಉಳಿದವರಿಗೆ ಹೋಲಿಸಿದರೆ ನೀವು ಎಲ್ಲಿ ನಿಲ್ಲುತ್ತೀರಿ ಎಂದು ಕೇಳಿದರು. ಎಲ್ಲರಿಗಿಂತ ಕೆಳಗಿನ ಕಾಲು ಭಾಗದಲ್ಲಿದ್ದವರೂ ತಾವು ಸರಾಸರಿಗಿಂತ ಮೇಲಿದ್ದೇವೆ ಎಂದೇ ಹೇಳಿದರು. ಈ ಫಲಿತಾಂಶದಲ್ಲಿ ಎಷ್ಟು ಭಾಗ ಮನಸ್ಸಿನದು, ಎಷ್ಟು ಭಾಗ ಲೆಕ್ಕಾಚಾರದ ವಿಧಾನದ್ದು ಎಂಬ ಚರ್ಚೆ ಇನ್ನೂ ಇದೆ. ಆದರೆ ಧೈರ್ಯದಿಂದ ಕೌಶಲ ಅಳೆಯಲಾಗದು ಎಂಬುದು ಸ್ಪಷ್ಟ. ಅಳುಕಿನಿಂದಲೂ ಅಳೆಯಲಾಗದು.

ನಂಬಿಕೆ 3: ‘ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ.’

ಎಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ಅಲ್ಲಿ ತಪ್ಪುಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಬಹುದಿತ್ತು, ಹಾಗಾಗಿ ಅವು ಬೆಳಕಿಗೆ ಬರುತ್ತಿದ್ದವು ಎಂಬುದು ಅವರ ವಿವರಣೆ. ಬಾಯಿ ಮುಚ್ಚಿಕೊಂಡ ತಂಡದಲ್ಲಿ ತಪ್ಪು ಇಲ್ಲವೆಂದಲ್ಲ, ಕಾಣುವುದಿಲ್ಲ ಅಷ್ಟೆ.

ಭಾವನೆಯನ್ನಲ್ಲ, ಚಾಕುವನ್ನು ಕೇಳಿ

ಮತ್ತೆ ತೋಟಕ್ಕೆ ಬರೋಣ. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆಯಾಗಿ ನೀರಿನಲ್ಲಿ ಕರಗಿಸಿ ಆಮೇಲೆ ಸೇರಿಸಬೇಕು. ಆದರೆ ಸುಣ್ಣದ ಗುಣ ಎಲ್ಲ ಕಡೆ ಒಂದೇ ಇರುವುದಿಲ್ಲ. ಸುಣ್ಣ ಸಾಲದೆ ಹೋದರೆ ತಾಮ್ರದ ಅಂಶ ಹಾಗೇ ಉಳಿದು ಎಳೆಯ ಕಾಯಿ, ಎಲೆಗಳನ್ನು ಸುಡಬಹುದು. ಹಾಗಾದರೆ ಮದ್ದು ಹದವಾಗಿದೆಯೇ ಎಂದು ತಿಳಿಯುವುದು ಹೇಗೆ?

ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಮಿಶ್ರಿತ ಕಂದು ಬಣ್ಣ ಕೂತರೆ ತಾಮ್ರ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ನೋಡಬೇಕು. ಚಾಕು ಹಾಗೇ ಹೊಳೆಯುತ್ತಿದ್ದರೆ ಮದ್ದು ಸರಿಯಿದೆ. ಮೂವತ್ತು ವರ್ಷದ ಅನುಭವಿಗೂ ಇದೇ ಪರೀಕ್ಷೆ, ಮೊದಲ ವರ್ಷದವನಿಗೂ ಇದೇ ಪರೀಕ್ಷೆ.

ಈ ಲೇಖನದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇದೇ. ‘ನನಗೆ ಈ ಕೆಲಸ ಬರುತ್ತದೆಯೇ?’ ಎಂಬ ಪ್ರಶ್ನೆಗೆ ಮನಸ್ಸಿನಲ್ಲಿ ಉತ್ತರ ಸಿಗುವುದಿಲ್ಲ, ಅಲ್ಲಿ ಸಿಗುವುದು ಭಯ ಮಾತ್ರ. ‘ಈ ಡ್ರಮ್ಮಿನ ಮದ್ದು ಸರಿಯಿದೆಯೇ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಪ್ರತಿ ಕಸುಬಿಗೂ ಇಂಥ ಒಂದು ಚಾಕು ಇದೆ. ಗೋಡೆ ಕಟ್ಟುವವರಿಗೆ ತೂಗುಗುಂಡು, ವೈರಿಂಗ್ ಮಾಡುವವರಿಗೆ ಮೀಟರ್, ಪ್ರೋಗ್ರಾಂ ಬರೆಯುವವರಿಗೆ ಟೆಸ್ಟ್.

ಭಯ ನಿಜ ಹೇಳುವ ಸಂದರ್ಭ

ಹಾಗೆಂದು ಎಲ್ಲ ಅಳುಕನ್ನೂ ‘ಇದು ಬರೀ ಮನಸ್ಸಿನದು’ ಎಂದು ತಳ್ಳಿಹಾಕಬಾರದು. ಮರ ಹತ್ತುವುದು, ವಿದ್ಯುತ್ ತಂತಿ, ಆಳದ ಬಾವಿ, ವಿಷಕಾರಿ ಸಿಂಪಡಣೆ – ಇಂಥ ಕಡೆ ನಿಜಕ್ಕೂ ಗೊತ್ತಿಲ್ಲದಿದ್ದರೆ ಪ್ರಾಣಕ್ಕೇ ಕುತ್ತು. ಅಡಿಕೆ ತೋಟದಲ್ಲಿ ಉದ್ದದ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಮದ್ದು ಬಿಡಬಹುದು, ಕೊಯ್ಲೂ ಮಾಡಬಹುದು. ಆದರೆ ತೋಟದ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಆ ದೋಟಿಯೇ ಅಪಾಯ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಇಲ್ಲಿ ಅಳುಕಿದವನೇ ಜಾಣ.

ಎರಡನ್ನೂ ಬೇರ್ಪಡಿಸಲು ಒಂದು ಸರಳ ದಾರಿ ಇದೆ. ನಿಮ್ಮ ಭಯವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ತಂತಿಯ ಹತ್ತಿರ ದೋಟಿ ಹೇಗೆ ಹಿಡಿಯುವುದೆಂದು ಗೊತ್ತಿಲ್ಲ’ ಎಂದು ನಿರ್ದಿಷ್ಟವಾಗಿ ಬರೆಯಲು ಬಂದರೆ ಅದು ಕಲಿಯಬೇಕಾದ ವಿಷಯ. ಕಲಿಯುವವರೆಗೆ ಆ ಕೆಲಸ ಮುಟ್ಟಬೇಡಿ. ‘ನಾನು ಇದಕ್ಕೆ ಲಾಯಕ್ಕಿಲ್ಲ’ ಎಂದಷ್ಟೇ ಬರೆಯಲು ಬಂದರೆ, ಅದು ಹೆಚ್ಚಾಗಿ ಹೊಸ ಜಾಗದ ಭಯ.

ಮೊದಲ ಎರಡು ವಾರ ಏನು ಮಾಡಬಹುದು?

• ಒಪ್ಪಿಕೊಳ್ಳುವಾಗಲೇ ಕೆಲಸದ ಮೇರೆ ಬರೆದುಕೊಳ್ಳಿ: ಎಷ್ಟು ಕೆಲಸ, ಎಷ್ಟು ದಿನ, ಸಾಮಗ್ರಿ ಯಾರದು. ಅರ್ಧ ಭಯ ಹುಟ್ಟುವುದೇ ಮೇರೆ ಗೊತ್ತಿಲ್ಲದ್ದರಿಂದ.

• ಪ್ರಶ್ನೆಯನ್ನು ಕೆಲಸದ ಬಗ್ಗೆ ಕೇಳಿ. ‘ನನಗೆ ಏನೂ ಗೊತ್ತಾಗ್ತಾ ಇಲ್ಲ’ ಎನ್ನುವುದಕ್ಕಿಂತ ‘ಅಣ್ಣಾ, ಹೋದ ವರ್ಷ ಈ ತೋಟಕ್ಕೆ ಎಷ್ಟು ಡ್ರಮ್ ಮದ್ದು ಬೇಕಾಯಿತು?’ ಎಂದು ಕೇಳಿದರೆ ಉತ್ತರವೂ ಸಿಗುತ್ತದೆ, ಕೆಲಸ ಬಲ್ಲವನ ಪ್ರಶ್ನೆ ಎಂದೂ ಅನಿಸುತ್ತದೆ.

• ಮೊದಲ ದಿನವೇ ಪ್ರಶ್ನೆ ಕೇಳಿ. ಎರಡು ತಿಂಗಳ ನಂತರ ಅದೇ ಪ್ರಶ್ನೆ ಕೇಳುವುದು ಕಷ್ಟ.

• ಮುಗಿಸಿದ ಕೆಲಸವನ್ನು ದಿನವೂ ಒಂದು ಸಾಲಿನಲ್ಲಿ ಬರೆದಿಡಿ. ಭಯ ತಪ್ಪುಗಳನ್ನಷ್ಟೇ ನೆನಪಿಡುತ್ತದೆ, ಪುಸ್ತಕ ಎರಡನ್ನೂ ಇಡುತ್ತದೆ.

• ಕಲಿಯುವುದಿದ್ದರೆ ಕಲಿಯಿರಿ. ಗುರುವಾಯನಕೆರೆಯಿಂದ ಕೆಲವೇ ಕಿಲೋಮೀಟರ್ ದೂರದ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದವು. ಸ್ವಉದ್ಯೋಗಕ್ಕೆ ಉಚಿತ ತರಬೇತಿ ಕೊಡುವ ಈ ಮಾದರಿ ಮುಂದೆ ದೇಶದ ಜಿಲ್ಲೆಜಿಲ್ಲೆಗೂ ಹೋಯಿತು. ಅಲ್ಲಿ ಕಸುಬು ಕಲಿಸಿ ಕೈಬಿಡುವುದಿಲ್ಲ. ಕಲಿತವರನ್ನು ಆಮೇಲೂ ಸಂಪರ್ಕಿಸಿ ಬೆಂಬಲ ಕೊಡುವುದು ತರಬೇತಿಯ ಭಾಗ. ಹೊಸಬನಿಗೆ ಕಸುಬಿನಷ್ಟೇ ಕೇಳಲು ಒಬ್ಬರು ಇರುವುದೂ ಮುಖ್ಯ.

ಸಹಾಯ ಯಾವಾಗ ಬೇಕು?

ಹೊಸ ಜಾಗದ ಅಳುಕು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದರೆ, ಕುಡಿತದ ಮೊರೆ ಹೋಗುವಂತಾದರೆ, ಬದುಕೇ ಬೇಡ ಎನಿಸಿದರೆ ಅದು ಬರೀ ಅಳುಕಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಎನಿಸಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಕರೆ ಮಾಡಿ.

ಉಳಿದವರಿಗೆ ನಮ್ಮ ಸಲಹೆ ಇಷ್ಟೆ: ‘ಇದು ನನ್ನಿಂದಾಗದು’ ಎಂದು ಮನಸ್ಸು ಹೇಳಿದಾಗ ಅದನ್ನು ತೀರ್ಪು ಎಂದು ತಿಳಿಯಬೇಡಿ. ಇದರಲ್ಲಿ ಯಾವ ಭಾಗ ಆಗದು ಎಂದು ಕೇಳಿ. ಆ ಭಾಗವನ್ನು ಅಳೆದು ನೋಡಿ, ಕಲಿಯಿರಿ ಅಥವಾ ಬಲ್ಲವರಿಗೆ ಬಿಡಿ. ಉಳಿದ ಭಾಗ ನಿಮಗೆ ಬರುವ ಕೆಲಸವೇ ಆಗಿರುತ್ತದೆ.